ಒಂದು ಬಕೆಟ್ ಬದನೆಗಿಡ

(ಮಠದಲ್ಲಿ ನಡೆದ ಮಾಸಿಕ ಶಿವಾನುಭವದಲ್ಲಿ ಆಡಿದ ಮಾತುಗಳ ಬರಹರೂಪ)

 

ಮನೆಯಲ್ಲಿ ಜಾಗವಿಲ್ಲದವರು ಕಾಯಿಪಲ್ಯೆ ಬೆಳೆದುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಪೂಜ್ಯರು ಅಪ್ಪಣೆ ಮಾಡಿದರು. ನನಗೆ ಭಾಷಣ ಬರುವುದಿಲ್ಲ. ನಲವತ್ತು ವರ್ಷ ಹೊಲದಲ್ಲಿ ದುಡಿದವನು. ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದೇನೆ. 20 ಅಡಿಗೆ 30 ಅಡಿ ನಿವೇಶನದ ಮನೆ. ಮಾಳಿಗೆಯ ಮೇಲೆ ನೀರಿನ ಟಾಕಿ, ಬಟ್ಟೆ ಒಣಹಾಕುವ ತಂತಿ ಬಿಟ್ಟರೆ ನನಗೆ ಸಿಕ್ಕ ಜಾಗ 10 ಅಡಿ ಅಗಲ, 15 ಅಡಿ ಉದ್ದ. ಅಲ್ಲಿ ಬೆಳೆದದ್ದನ್ನು ಹೇಳುತ್ತೇನೆ. ಅದಕ್ಕೂ ಮೊದಲು, ಹೊಲದಲ್ಲಿ ನಾನು ಏನು ಮಾಡಿದ್ದೆ ಎಂಬುದನ್ನು ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ.

ಧಾರವಾಡ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಹೊಲ. ಬೋರು ಬಿದ್ದ ಮೇಲೆ ಒಂದು ಎಕರೆಯಲ್ಲಿ ಬದನೆ, ಟೊಮೆಟೊ, ಹೂಕೋಸು ಹಾಕತೊಡಗಿದೆ. ಬದನೆಗೆ ಕಾಯಿಕೊರಕ ಹುಳು ಬೀಳುತ್ತದೆ. ಪತಂಗ ಮೊಟ್ಟೆ ಇಟ್ಟರೆ ಮರಿಹುಳು ಮೊದಲು ಕುಡಿಯೊಳಗೆ ಹೋಗುತ್ತದೆ, ಕಾಯಿ ಬಿಟ್ಟ ಮೇಲೆ ಕಾಯಿಯೊಳಗೆ ಹೋಗುತ್ತದೆ. ಒಳಗೆ ಹೋದ ಹುಳಕ್ಕೆ ಮೇಲಿನಿಂದ ಹೊಡೆದ ಎಣ್ಣೆ ಮುಟ್ಟುವುದಿಲ್ಲ. ಹಾಗಾಗಿ ರೈತ ಏನು ಮಾಡುತ್ತಾನೆ? ಮತ್ತೆ ಮತ್ತೆ ಹೊಡೆಯುತ್ತಾನೆ. ವಾರಕ್ಕೆ ಎರಡು ಸಲ ಪಂಪು ಬೆನ್ನಿಗೆ ಕಟ್ಟಿಕೊಂಡ ದಿನಗಳು ನನಗೆ ನೆನಪಿವೆ. ಡಬ್ಬಿಯ ಮೇಲೆ ಬಣ್ಣದ ಗುರುತಿರುತ್ತದೆ. ಕೆಂಪು ಎಂದರೆ ಕಡುವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಹಸಿರು. ಹೊಡೆದ ಮೇಲೆ ಇಷ್ಟು ದಿನ ಕಾಯಿ ಹರಿಯಬಾರದು ಎಂದೂ ಬರೆದಿರುತ್ತದೆ. ನಾನು ಓದಬಲ್ಲವನು. ಓದುತ್ತಿರಲಿಲ್ಲ. ರವಿವಾರ ಎಣ್ಣೆ ಹೊಡೆದು ಮಂಗಳವಾರ ಕಾಯಿ ಹರಿದು ಬುಧವಾರದ ಸವಾಲಿಗೆ ಕಳಿಸಿದ್ದೇನೆ.

ಆದರೆ ಬಾವಿಯ ದಂಡೆಗೆ ಎರಡು ಸಾಲು ಬದನೆಯನ್ನು ಬೇರೆ ಇಟ್ಟಿದ್ದೆ. ಅದಕ್ಕೆ ಎಣ್ಣೆ ಹೊಡೆಯುತ್ತಿರಲಿಲ್ಲ. ಅದು ಮನೆಗೆ.

ಇಲ್ಲಿ ಕುಳಿತ ರೈತಬಂಧುಗಳಲ್ಲಿ ಕೆಲವರು ತಲೆ ತಗ್ಗಿಸಿದ್ದು ಕಾಣುತ್ತಿದೆ. ನಾನೊಬ್ಬನೇ ಮಾಡಿದ್ದಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದರಿಂದ ಸಮಾಧಾನವೇನೂ ಆಗುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮ ತಾಯಿ, ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗವನ್ನು ಇದೇ ಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ನಾನೂ ಕೇಳಿ ತಲೆದೂಗಿದ್ದೆ. ಪ್ರಸಾದ ತೆಗೆದುಕೊಂಡು ಊರಿಗೆ ಹೋಗಿ ಮರುದಿನ ಎಣ್ಣೆ ಹೊಡೆದಿದ್ದೆ.

ಒಂದು ಬುಧವಾರ ಮಾಲು ಇಳಿಸಿ, ಮರುದಿನ ದಲಾಲರ ಅಂಗಡಿಯಲ್ಲಿ ಲೆಕ್ಕ ಮುಗಿಸಿಕೊಂಡು ಹುಬ್ಬಳ್ಳಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಊಟಕ್ಕೆ ಹೋದೆ. ಅಕ್ಕ ಬಿಸಿ ರೊಟ್ಟಿ ಬಡಿದು ಎಣ್ಣೆಗಾಯಿ ಮಾಡಿದ್ದಳು. ಓಣಿಗೆ ಬರುವ ಗಾಡಿಯವನ ಹತ್ತಿರ ಕೊಂಡ ಬದನೆ. ಹಸಿರು ಗೀರಿನ ಗುಂಡು ಕಾಯಿ. ಆ ವಾರ ಆ ತಳಿಯ ಮಾಲು ಅಂಗಡಿಗೆ ಬಂದದ್ದು ನನ್ನದೊಂದೇ. ದಲಾಲರೇ ಹೇಳಿದ್ದರು. ನನ್ನ ಅಳಿಯ, ಸೊಸೆ, ಅಂದರೆ ಅಕ್ಕನ ಇಬ್ಬರು ಮಕ್ಕಳು, ಎದುರಿಗೆ ಕುಳಿತು ಉಣ್ಣುತ್ತಿದ್ದರು. ನನಗೆ ತುತ್ತು ಇಳಿಯಲಿಲ್ಲ.

“ಯಾಕೋ ತಮ್ಮಾ, ಪಲ್ಯೆ ಸೇರಲಿಲ್ಲೇನು?” ಅಂದಳು.

“ಹೊಟ್ಟಿ ಸರಿ ಇಲ್ಲಕ್ಕ” ಅಂದೆ. ಮಜ್ಜಿಗೆ ಅನ್ನ ಉಂಡು ಎದ್ದೆ. ಮಕ್ಕಳಿಗೆ ಬೇಡ ಅನ್ನಲಿಲ್ಲ. ಅಂದರೆ ಕಾರಣ ಹೇಳಬೇಕಾಗುತ್ತಿತ್ತು.

ಅದಾದ ಕೆಲವು ವರ್ಷಗಳ ಮೇಲೆ, 2005ರಲ್ಲಿ, ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದು ಎಂದು ಕೇಂದ್ರ ಸರ್ಕಾರ ಆದೇಶ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನೇ ನಿಲ್ಲಿಸಿತು. ಇವೆರಡೂ ನನ್ನ ಪಂಪಿನಲ್ಲಿ ಇದ್ದವು. ಇದೇ ಕಾಯಿಕೊರಕಕ್ಕೆ ಪರಿಹಾರವೆಂದು ಬಿ.ಟಿ. ಬದನೆ ತರಲು ಹೊರಟಾಗ ದೇಶದ ತುಂಬ ಚರ್ಚೆಯಾಗಿ, 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಒಂದು ಹುಳದ ಸುತ್ತ ಇಷ್ಟೆಲ್ಲ ನಡೆಯಿತು.

ಮುಂದೆ ಬೋರು ಬತ್ತಿತು. ಹೊಲವನ್ನು ಲಾವಣಿಗೆ ಕೊಟ್ಟು ಮಗನ ಮನೆಗೆ ಬಂದೆ. ಬೆಳಿಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು, ಎದ್ದು ಮಾಡಲು ಕೆಲಸವಿರಲಿಲ್ಲ. ಒಕ್ಕಲಿಗ ಮುದ್ದಣ್ಣನಂಥ ಶರಣರು ಬೇಸಾಯವನ್ನೇ ಕಾಯಕ ಮಾಡಿಕೊಂಡವರು. ಕೈಯಲ್ಲಿ ಮಣ್ಣಿಲ್ಲದಿದ್ದರೆ ಒಕ್ಕಲಿಗನಿಗೆ ದಿನ ಹೋಗುವುದಿಲ್ಲ. ಸೊಸೆ ಅದನ್ನು ನೋಡಿ, “ಮಾವಾರೆ, ಮಾಳಿಗಿ ಮ್ಯಾಲೆ ಏನರೆ ಹಚ್ಚರಿ” ಅಂದಳು. ಮನೆಗೆ ಬಣ್ಣ ಹೊಡೆಸಿದಾಗ ಉಳಿದ 20 ಲೀಟರಿನ ಆರು ಬಕೆಟ್ ಇದ್ದವು.

ಮೊದಲ ವರ್ಷ ಒಂದೂ ಗಿಡ ಉಳಿಯಲಿಲ್ಲ. ನಗಬೇಡಿ, ನಲವತ್ತು ವರ್ಷದ ಒಕ್ಕಲುತನದವನು ಬಕೆಟ್ಟಿನಲ್ಲಿ ಸೋತೆ. ಊರಿನಿಂದ ನಮ್ಮ ಹೊಲದ ಎರೆಮಣ್ಣನ್ನು ಚೀಲ ತುಂಬಿ ತಂದು ಹಾಕಿದ್ದೆ. ನೀರು ಹಾಕಿದರೆ ಕೆಸರು, ಬಿಟ್ಟರೆ ಕಲ್ಲು. ಹೊಲದಲ್ಲಿ ಬೇರು ಆಳಕ್ಕೆ ಹೋಗಿ ತನಗೆ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಅದಕ್ಕೆ ಒಂದು ಅಡಿ ಮಣ್ಣೇ ಎಲ್ಲ. ಆ ಒಂದು ಅಡಿ ಹಗುರಾಗಿರಬೇಕು, ನೀರು ಬಸಿಯಬೇಕು, ಗಾಳಿ ಆಡಬೇಕು.

ಕಲಿತದ್ದನ್ನು ಈಗ ಒಂದೊಂದಾಗಿ ಹೇಳುತ್ತೇನೆ.

ಮಣ್ಣಿಗೆ ಮೂರು ಪಾಲು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಇದಕ್ಕೆ ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಬಕೆಟ್ಟಿನ ತಳಕ್ಕೆ ಐದಾರು ತೂತು ಕೊರೆಯಿರಿ. ಎರಡು ಇಟ್ಟಿಗೆಯ ಮೇಲೆ ಇಡಿರಿ. ನೆಲಕ್ಕೆ ಹತ್ತಿಸಿ ಇಟ್ಟರೆ ನೀರು ನಿಂತು ಮಾಳಿಗೆ ಸೋರುತ್ತದೆ, ಆಮೇಲೆ ಮನೆಯವರ ಬೈಗುಳ ತಪ್ಪುವುದಿಲ್ಲ. ನೀರು ಕುಡಿದ ಬಕೆಟ್ಟು ಹೆಚ್ಚುಕಡಿಮೆ 20 ಕಿಲೋ ತೂಗುತ್ತದೆ. ಭಾರದ ಕುಂಡಗಳನ್ನು ಮಾಳಿಗೆಯ ನಟ್ಟನಡುವೆ ಇಡದೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿ ಇಡಿರಿ.

ಬಿಸಿಲನ್ನು ನೋಡಿಕೊಂಡು ಬೆಳೆ ಆರಿಸಿರಿ. ಬದನೆ, ಟೊಮೆಟೊ, ಮೆಣಸಿನಕಾಯಿಗೆ ದಿನಕ್ಕೆ ಆರು ತಾಸು ಬಿಸಿಲು ಬೇಕು. ಮೂರು ನಾಲ್ಕು ತಾಸು ಮಾತ್ರ ಬೀಳುವ ಕಿಟಕಿ, ಬಾಲ್ಕನಿ ಇದ್ದವರು ಸೊಪ್ಪು ಹಾಕಿರಿ. ಸೊಪ್ಪಿಗೆ ಆರು ಇಂಚು ಆಳದ ಟ್ರೇ ಸಾಕು. ಮೆಂತೆ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ರಾಜಗಿರಿಯೂ ಹಾಗೆಯೇ. ಪಾಲಕವನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಕೊತಂಬರಿ ಕಾಳನ್ನು ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು, ಮೊಳೆಯಲು ಹತ್ತು ದಿನ ಹಿಡಿದರೆ ಗಾಬರಿಯಾಗಬೇಡಿ. ಎಲ್ಲ ಟ್ರೇಗೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಬಿತ್ತಿದರೆ ವಾರಕ್ಕೊಂದು ಕೊಯ್ಯಬಹುದು.

ಹೀರೇಕಾಯಿ ಬಳ್ಳಿಯನ್ನು ಬಟ್ಟೆ ತಂತಿಗೆ ಹಬ್ಬಿಸಿದ್ದೇನೆ. ಹೂ ಬಿಟ್ಟು ಕಾಯಿ ನಿಲ್ಲದೆ ಉದುರಿದರೆ ದೃಷ್ಟಿ ತಾಗಿತೆಂದು ತಿಳಿಯಬೇಡಿ. ಎತ್ತರದ ಮಾಳಿಗೆಗೆ ದುಂಬಿ ಕಡಿಮೆ ಬರುತ್ತವೆ. ಹೀರೆ ಹೂ ಅರಳುವುದು ಸಂಜೆಗೆ. ಆ ಹೊತ್ತಿಗೆ ಗಂಡು ಹೂವನ್ನು ಕಿತ್ತು, ಹಿಂದೆ ಎಳೆಗಾಯಿ ಇರುವ ಹೆಣ್ಣು ಹೂವಿಗೆ ಮೆಲ್ಲಗೆ ಸವರಿರಿ. ನನ್ನ ಮೊಮ್ಮಗಳಿಗೆ ಈಗ ಇದೇ ಸಂಜೆಯ ಕೆಲಸ.

ಹಣ್ಣೂ ಆಗುತ್ತದೆ. ಹಳೆಯ ಡ್ರಮ್ಮನ್ನು ಅರ್ಧಕ್ಕೆ ಕೊಯ್ಸಿ ಒಂದರಲ್ಲಿ ಲಿಂಬೆ, ಒಂದರಲ್ಲಿ ಪೇರಲ ಹಚ್ಚಿದ್ದೇನೆ. ಕಸಿ ಗಿಡವನ್ನೇ ತನ್ನಿರಿ. ಬೀಜದ ಗಿಡಕ್ಕೆ ಬಹಳ ವರ್ಷ ಕಾಯಬೇಕಾಗುತ್ತದೆ. ಕಸಿ ಕಟ್ಟಿದ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿರಿ, ಬಿಟ್ಟರೆ ಅದೇ ಬೆಳೆದು ಮೇಲಿನ ಗಿಡ ಸೊರಗುತ್ತದೆ. ಪೇರಲ ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡ. ಹಣ್ಣು ಮುಗಿದ ಮೇಲೆ ಟೊಂಗೆ ಸವರಿದರೆ ಗಿಡವೂ ಗಿಡ್ಡಾಗಿರುತ್ತದೆ, ಹಣ್ಣೂ ಹೆಚ್ಚು.

ಗೊಬ್ಬರಕ್ಕೆ ಹೊರಗೆ ಹೋಗಬೇಕಾಗಿಲ್ಲ. ತೂತು ಮಾಡಿದ ಎರಡು ಬಕೆಟ್ ಇಡಿರಿ. ಕಾಯಿಪಲ್ಯೆ ಸಿಪ್ಪೆ ಒಂದು ಪಾಲು, ಅದರ ಮೇಲೆ ಒಣ ಎಲೆ ಎರಡು ಪಾಲು, ಹೀಗೆ ಹಾಕುತ್ತ ಹೋಗಿ ವಾರಕ್ಕೊಮ್ಮೆ ತಿರುವಿರಿ. ನಾತ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದರ್ಥ. ಒಂದು ಬಕೆಟ್ ತುಂಬಿದ ಮೇಲೆ ಎರಡನೆಯದಕ್ಕೆ ಹಾಕಿರಿ. ಎರಡು ತಿಂಗಳಿಗೆ ಮೊದಲನೆಯದು ಕರಿ ಗೊಬ್ಬರವಾಗುತ್ತದೆ. ಎಣ್ಣೆ ಪದಾರ್ಥ, ಉಳಿದ ಅಡುಗೆ ಹಾಕಬೇಡಿ.

ಇನ್ನು ಹುಳ. ಎಲೆಯ ಕೆಳಗೆ ಹೇನು, ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಮೊದಲು ನೀರನ್ನು ರಭಸವಾಗಿ ಬಿಟ್ಟು ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸಾಬೂನು ಕಲಸಿ ಸಂಜೆ ಸಿಂಪಡಿಸಿರಿ. ಬದನೆಯ ಕುಡಿ ಬಾಗಿ ಬಾಡಿತೆಂದರೆ ಒಳಗೆ ಹುಳ ಕುಳಿತಿದೆ. ಬಾಡಿದ ಭಾಗದ ಕೆಳಗೆ ಚಿವುಟಿ ನಾಶ ಮಾಡಿರಿ. ಪತಂಗ ಬರುವುದು ರಾತ್ರಿ. ಹಳೆಯ ಸೊಳ್ಳೆಪರದೆಯನ್ನು ಗಿಡಕ್ಕೆ ಹೊದಿಸಿದರೆ ಅದು ಮೊಟ್ಟೆ ಇಡಲಾರದು. ಬದನೆ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಬೆಳಿಗ್ಗೆ ಗಿಡವನ್ನು ಸ್ವಲ್ಪ ಅಲುಗಿಸಿದರೆ ಕಾಯಿ ಕಟ್ಟುತ್ತದೆ.

ಇದು ಒಂದೆರಡು ಗಿಡಕ್ಕೆ ನಡೆಯುವ ಮಾತು. ಒಂದು ಎಕರೆಗೆ ಸೊಳ್ಳೆಪರದೆ ಹೊದಿಸಲಾಗುವುದಿಲ್ಲ ಎಂಬುದು ನನಗೆ ತಿಳಿದಿದೆ. ಪರದೆ ಹೊದಿಸಿದರೂ ನನ್ನ ಗಿಡದಲ್ಲಿ ಹತ್ತು ಕಾಯಿ ಹರಿದರೆ ಎರಡು ಮೂರಕ್ಕೆ ತೂತು ಇದ್ದೇ ಇರುತ್ತದೆ. ಹುಳ ಇದ್ದ ಭಾಗ ಕೊಯ್ದು ಒಗೆದು ಉಳಿದದ್ದನ್ನು ಪಲ್ಯೆ ಮಾಡುತ್ತೇವೆ. ಮನೆಯಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಅದು ಹೇಗೆ ಬೆಳೆಯಿತೆಂಬುದನ್ನು ಎಲ್ಲರೂ ನೋಡಿದ್ದಾರಲ್ಲ.

ಹೋದ ವರ್ಷ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ಎಪ್ಪತ್ತೈದು. ಕೈ ಹಿಡಿದು ಮಾಳಿಗೆಗೆ ಹತ್ತಿಸಿಕೊಂಡು ಹೋದೆ. ನನ್ನ ಬದನೆಯದೇ ಎಣ್ಣೆಗಾಯಿ ಮಾಡಿಸಿ, ಊಟಕ್ಕೆ ಕುಳಿತಾಗ ಆ ಹಳೆಯ ಗುರುವಾರದ ಮಾತು ಹೇಳಿದೆ. ಹೊಟ್ಟಿ ಸರಿ ಇಲ್ಲ ಅಂದದ್ದು ಸುಳ್ಳು ಎಂದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ.

“ನನ್ನ ತಾಟಿನ್ಯಾಗ ಬಿತ್ತಂತ ನಿನಗ ಅದು ನೆನಪುಳೀತು” ಅಂದಳು. “ಉಳಿದವರ ತಾಟಿನ್ಯಾಗ ಬಿದ್ದದ್ದು ಎಷ್ಟೋ ತಮ್ಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಮೇಲೆ ಅವಳೇ ಅಂದಳು: “ನಾನರೆ ಏನು ಮಾಡತಿದ್ದೆ? ಗಾಡಿಯವನ ಹತ್ರ ಒಂದೊಂದ ಕಾಯಿ ತಿರುವಿ ನೋಡಿ, ತೂತು ಇದ್ದದ್ದನ್ನ ಹೊಳ್ಳಿ ಒಗಿತಿದ್ದೆ.”

ಶರಣಬಂಧುಗಳೇ, ನಾನು ಇವತ್ತು ಹೇಳಬೇಕೆಂದು ಬಂದದ್ದು ಅಕ್ಕ ಹೇಳಿದ ಈ ಎರಡು ಮಾತನ್ನು. ತೂತು ಬಿದ್ದ ಕಾಯಿಯ ಬುಟ್ಟಿಗೆ ಸವಾಲಿನಲ್ಲಿ ಅರ್ಧ ದರವೂ ಸಿಗುತ್ತಿರಲಿಲ್ಲ. ಸಾಲದ ಕಂತು ಕಟ್ಟಬೇಕಾದ ರೈತ ಎಣ್ಣೆ ಹೊಡೆಯುತ್ತಿದ್ದ. ಕೊಳ್ಳುವವರು ಹೊಳೆಯುವ ಕಾಯಿ ಆರಿಸಿ, ತೊಳೆದರೆ ಆಯಿತೆಂದು ತಿಳಿಯುತ್ತಿದ್ದರು. ಗಿಡದೊಳಗೆ ಇಳಿಯುವ ವಿಷ ತೊಳೆದರೆ ಹೋಗುವುದಿಲ್ಲ. ನನ್ನ ತಪ್ಪು ನನ್ನದೇ. ಅದನ್ನು ಹಂಚಿ ಹಗುರ ಮಾಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆದರೆ ಇದು ನಿಲ್ಲಬೇಕಾದರೆ ಬೆಳೆಯುವವನೂ ಕೊಳ್ಳುವವನೂ ಇಬ್ಬರೂ ಬದಲಾಗಬೇಕು.

ಮಾಳಿಗೆಯ ತೋಟದಿಂದ ಸಂಸಾರ ನಡೆಯುತ್ತದೆಂದು ನಾನು ಹೇಳಲಾರೆ. ನಮ್ಮ ಐದು ಮಂದಿಯ ಮನೆಗೆ ವಾರದಲ್ಲಿ ಮೂರು ನಾಲ್ಕು ದಿನ ಸೊಪ್ಪು, ಒಂದೆರಡು ದಿನ ಕಾಯಿ, ಕರಿಬೇವು, ಮೆಣಸಿನಕಾಯಿ ಸಿಗುತ್ತವೆ. ಜೋಳ, ಬೇಳೆ, ಉಳ್ಳಾಗಡ್ಡಿ ಎಲ್ಲ ಪೇಟೆಯಿಂದಲೇ, ರೈತನಿಂದಲೇ ಬರಬೇಕು. ಆದರೆ ಒಂದು ಬಕೆಟ್ಟಿನಲ್ಲಿ ಒಂದು ಬದನೆಗಿಡವನ್ನು ಎಣ್ಣೆಯಿಲ್ಲದೆ ಬೆಳೆಸಿ ನೋಡಿದವರು ಸಂತೆಯಲ್ಲಿ ತೂತಿನ ಕಾಯಿಯನ್ನು ಹಿಂದಕ್ಕೆ ಒಗೆಯುವುದಿಲ್ಲ. ದರಕ್ಕೆ ಚೌಕಾಸಿ ಮಾಡುವ ಮುಂಚೆ ಒಂದು ಕ್ಷಣ ನಿಲ್ಲುತ್ತಾರೆ. “ಎಣ್ಣಿ ಹೊಡೆದು ಎಷ್ಟು ದಿನ ಆತು?” ಎಂದು ಕೇಳುತ್ತಾರೆ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯ ದಿನ ರೈತ ಡಬ್ಬಿಯ ಮೇಲಿನ ಅಕ್ಷರ ಓದುತ್ತಾನೆ. ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಓದುತ್ತಿದ್ದೆನೇನೋ.

ರೈತಬಂಧುಗಳಿಗೆ ಒಂದೇ ಮಾತು. ಮನೆಗೆಂದು ಬೇರೆ ಇಟ್ಟ ಆ ಎರಡು ಸಾಲನ್ನು ವರ್ಷಕ್ಕೆ ಇನ್ನೆರಡು ಸಾಲು ಹೆಚ್ಚಿಸಿರಿ. ನಮ್ಮ ಮಕ್ಕಳಿಗೆ ಕೊಡದ್ದನ್ನು ಮಂದಿಯ ಮಕ್ಕಳಿಗೆ ಕೊಟ್ಟು ಅದನ್ನು ಕಾಯಕ ಎನ್ನಲಾಗದು. ಅದರಿಂದ ಬಂದ ರೊಕ್ಕದಲ್ಲಿ ನಾನು ದಾಸೋಹಕ್ಕೂ ಕೊಟ್ಟಿದ್ದೇನೆ. ಅದನ್ನು ನೆನೆದರೆ ಈಗಲೂ ಕುಗ್ಗುತ್ತೇನೆ.

ಬರುವಾಗ ಬದನೆ ಬೀಜ ತಂದಿದ್ದೇನೆ. ಅದೇ ಹಸಿರು ಗೀರಿನ ಗುಂಡು ಬದನೆ. ಗಿಡದಲ್ಲೇ ಹಳದಿಯಾಗಿ ಹಣ್ಣಾದ ಕಾಯಿಯಿಂದ ತೆಗೆದು, ನೆರಳಿನಲ್ಲಿ ಒಣಗಿಸಿ, ಚಿಟಿಕೆ ಚಿಟಿಕೆಯಾಗಿ ಕಾಗದದಲ್ಲಿ ಕಟ್ಟಿದ್ದೇನೆ. ಪ್ರಸಾದ ಮುಗಿಸಿ ಹೋಗುವಾಗ ಬಾಗಿಲ ಹತ್ತಿರ ತೆಗೆದುಕೊಳ್ಳಿರಿ. ಬೆಳೆದವರು ಮುಂದಿನ ವರ್ಷ ಬೀಜ ಉಳಿಸಿ ಇನ್ನಿಬ್ಬರಿಗೆ ಕೊಡಿರಿ.