ಮರೆತುಬಿಡು ಎನ್ನದ ಡಾಕ್ಟರು



ಉದ್ಘಾಟನೆಯ ದೀಪ ಹಚ್ಚುವ ಮೊದಲೇ ಒಳಗೆ ಹೋಗಿ ಪ್ರದರ್ಶನ ನೋಡಿ ಬಂದೆ. ನಮ್ಮ ಕತ್ತಲಗೆರೆಯ ಸುತ್ತಲ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರ ಫೋಟೊ, ಪದಕ, ತಗಡಿನ ಟ್ರಂಕು, ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳು. ಓದಿದ ಪತ್ರಗಳಲ್ಲೆಲ್ಲ ಬರೆದವರು ಕ್ಷೇಮ. ಮಳೆ ಆಯಿತೆ, ನಾಲೆಗೆ ನೀರು ಬಿಟ್ಟರೆ ಎಂದು ಕೇಳಿದ್ದಾರೆ. ತಮ್ಮ ರಾತ್ರಿಗಳ ಬಗ್ಗೆ ಒಂದಕ್ಷರ ಇಲ್ಲ.

ನನ್ನ ಸೋದರಮಾವ ಮಿಲಿಟರಿಯಿಂದ ಬಂದವರು. ದೀಪಾವಳಿ ದಿನ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಡುರಾತ್ರಿ ಎದ್ದು ಹಿತ್ತಲಲ್ಲಿ ಕೂರುತ್ತಿದ್ದರು. ಮನೆಯವರೆಲ್ಲ ಪ್ರೀತಿಯಿಂದಲೇ ಹೇಳುತ್ತಿದ್ದೆವು: "ಆಗಿದ್ದು ಆಗಿಹೋಯ್ತು, ಮರ್ತುಬಿಡು ಮಾವ." ಆ ಮಾತು ತಪ್ಪು ಎಂದು ನೂರು ವರ್ಷಕ್ಕೂ ಹಿಂದೆಯೇ ಒಬ್ಬ ಡಾಕ್ಟರು ಹೇಳಿದ್ದರು. ಇಂದು ಅವರ ವಿಷಯವನ್ನೇ ಮಾತಾಡುತ್ತೇನೆ.

ಹೆಸರು ಡಬ್ಲ್ಯು. ಎಚ್. ಆರ್. ರಿವರ್ಸ್. 1864ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಹಾಗಂತ ಅವರು ನಮಗೆ ತೀರ ದೂರದವರಲ್ಲ. 1901-02ರಲ್ಲಿ ನಮ್ಮ ಮೈಸೂರು ಸೀಮೆಗೆ ಅಂಟಿಕೊಂಡ ನೀಲಗಿರಿಗೆ ಬಂದು, ಬಡಗರ ನೆರೆಯವರಾದ ತೋಡರ ನಡುವೆ ತಿಂಗಳುಗಟ್ಟಲೆ ಇದ್ದರು. ಎಮ್ಮೆ ಕಾಯುವ ಆ ಜನರ ಬಳಿ ಕೂತು, ಯಾರ ಮಗ ಯಾರು, ಯಾರ ಅಜ್ಜ ಯಾರು ಎಂದು ಕೇಳಿ ಕೇಳಿ ವಂಶಾವಳಿ ಬರೆದುಕೊಂಡರು. ಸತ್ತ ಬಂಧುಗಳ ಹೆಸರನ್ನು ತೋಡರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಿವರ್ಸ್ ಒತ್ತಾಯ ಮಾಡಲಿಲ್ಲ. ಒಂದು ಕುಲದ ಹೆಸರುಗಳನ್ನು ಬೇರೆ ಕುಲದವರಿಂದ ಕೇಳಿ ತಿಳಿದರು. 1906ರಲ್ಲಿ ತೋಡರ ಮೇಲೆ ದೊಡ್ಡ ಪುಸ್ತಕ ಬಂತು. ಹೇಳಲಾಗದ್ದರ ಮುಂದೆ ತಾಳ್ಮೆಯಿಂದ ಕೂರುವ ಅಭ್ಯಾಸ ಅವರಿಗೆ ನೀಲಗಿರಿಯಲ್ಲೇ ಗಟ್ಟಿಯಾಯಿತು ಎಂದು ನಾನು ನಂಬಿದ್ದೇನೆ.

ಆಮೇಲೆ ಮೊದಲ ಮಹಾಯುದ್ಧ. ಮೈಮೇಲೆ ಗಾಯವಿಲ್ಲದ ಸೈನಿಕರು ಮಾತು ಕಳೆದುಕೊಂಡು, ಕೈಕಾಲು ನಡುಗಿಸಿಕೊಂಡು ಬರತೊಡಗಿದರು. ಅದಕ್ಕೆ 'ಶೆಲ್ ಶಾಕ್' ಎಂಬ ಹೆಸರನ್ನು 1915ರಲ್ಲಿ ಚಾರ್ಲ್ಸ್ ಮೈಯರ್ಸ್ ವೈದ್ಯ ಪತ್ರಿಕೆಗೆ ತಂದರು. ಈ ಸೈನಿಕರನ್ನು ಹೇಡಿಗಳು ಅಂದವರೂ ಇದ್ದರು. ಓಡಿಹೋದರು, ಹೆದರಿದರು ಎಂಬಂಥ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ಗುಂಡಿಟ್ಟು ಕೊಂದವರಲ್ಲಿ 306 ಮಂದಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ತೊಂಬತ್ತು ವರ್ಷ ತಡವಾಗಿ!

1916ರಿಂದ ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ರಿವರ್ಸ್ ಸೈನ್ಯಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದರು. ಯುದ್ಧದ ವಿಷಯ ಎತ್ತಬೇಡ, ಬೇರೆ ಏನಾದರೂ ಯೋಚಿಸು ಎಂಬುದು ಆಗಿನ ವಾಡಿಕೆಯ ಸಲಹೆ. ಹಾಗೆ ಅದುಮಿಟ್ಟದ್ದೇ ರಾತ್ರಿ ಕನಸಾಗಿ ಬರುತ್ತದೆ ಎಂದು ರಿವರ್ಸ್ ಕಂಡುಕೊಂಡರು.

ಅವರೇ ಬರೆದ ಒಂದು ಪ್ರಸಂಗ ಕೇಳಿ. ಒಬ್ಬ ಅಧಿಕಾರಿಯ ಗೆಳೆಯ ಶೆಲ್ ಸಿಡಿದು ಛಿದ್ರವಾಗಿದ್ದ. ಚೂರಾದ ಆ ದೇಹ ದಿನವೂ ಕನಸಿಗೆ ಬರುತ್ತಿತ್ತು. ರಿವರ್ಸ್ ಅವನಿಗೆ ಸಮಾಧಾನದ ಸುಳ್ಳು ಹೇಳಲಿಲ್ಲ. ದೇಹ ಹಾಗಾಗಿದೆ ಅಂದರೆ ಆ ಕ್ಷಣದಲ್ಲೇ ಪ್ರಾಣ ಹೋಗಿದೆ, ನಿನ್ನ ಗೆಳೆಯ ನರಳಲಿಲ್ಲ ಎಂದು ತೋರಿಸಿಕೊಟ್ಟರು. ಮುಂದೊಂದು ರಾತ್ರಿ ಅದೇ ಕನಸು ಮತ್ತೆ ಬಂತು. ಈ ಸಲ ಅವನು ಗೆಳೆಯನ ಪಕ್ಕ ಮಂಡಿಯೂರಿ, ಮನೆಯವರಿಗೆ ಕಳಿಸಲೆಂದು ಅವನ ವಸ್ತುಗಳನ್ನು ತೆಗೆಯುತ್ತಿದ್ದ. ಎಚ್ಚರವಾದಾಗ ಕಿರುಚಲಿಲ್ಲ, ಮೆಲ್ಲಗೆ ಅಳುತ್ತಿದ್ದ. ಭಯ ಹೋಗಿ ದುಃಖ ಉಳಿದಿತ್ತು. ದುಃಖವನ್ನು ಮನುಷ್ಯ ಹೊರಬಲ್ಲ.

ಎಲ್ಲರಿಗೂ ಹೀಗೆ ಆಗಲಿಲ್ಲ. ಇನ್ನೊಬ್ಬನ ಅನುಭವದಲ್ಲಿ ಹಿಡಿದು ನಿಲ್ಲಲು ಒಂದು ಎಳೆಯೂ ಸಿಗದಾಗ, ಅವನು ಸೈನ್ಯ ಬಿಡಬೇಕೆಂದೇ ತೀರ್ಮಾನವಾಯಿತು. ಸೋತದ್ದನ್ನೂ ಬರೆದಿಟ್ಟ ಆ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. 1917ರಲ್ಲಿ ಸೈನ್ಯಾಧಿಕಾರಿಯೂ ಆಗಿದ್ದ ಕವಿ ಸಸೂನ್ ರಿವರ್ಸ್ ಬಳಿ ಬಂದಾಗ, ಮನುಷ್ಯನನ್ನು ಸರಿಪಡಿಸುವುದು ಮತ್ತೆ ತೋಪಿನ ಬಾಯಿಗೆ ಕಳಿಸುವುದಕ್ಕೋ ಎಂಬ ಪ್ರಶ್ನೆಯೂ ಎದುರಾಯಿತು. 1922ರ ಜೂನ್ 4ರಂದು ರಿವರ್ಸ್ ತೀರಿಕೊಂಡರು.

ಅದೇ ಯುದ್ಧದಲ್ಲಿ ನಮ್ಮ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಭರ್ಜಿ ಹಿಡಿದು ನುಗ್ಗಿದ್ದನ್ನು ಹೆಮ್ಮೆಯಿಂದ ಹೇಳುತ್ತೇವೆ. ಊರಿಗೆ ಬಂದ ಆ ಸವಾರರು ಹೇಗೆ ನಿದ್ದೆ ಮಾಡಿದರು ಎಂದು ಬರೆದದ್ದನ್ನು ನಾನು ಓದಿಲ್ಲ. ಈಗ ಹೇಳಿಕೊಳ್ಳಲು ಯಾರೂ ಇಲ್ಲವೆಂಬ ಕೊರತೆ ಇರಬೇಕಾಗಿಲ್ಲ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ಕತ್ತಲಗೆರೆಯಲ್ಲೇ ಕೂತು 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಒಳಗೆ ಕೊನೆಯ ಕೋಣೆಯಲ್ಲಿ ಮಕ್ಕಳು ಎರಡು ಕುರ್ಚಿ ಇಟ್ಟಿದ್ದಾರೆ, ಗೋಡೆಗೆ ಏನೂ ತೂಗುಹಾಕಿಲ್ಲ. ಮಾಜಿ ಸೈನಿಕರಿಗೆ ಹೇಳಬೇಕೆನಿಸಿದರೆ ಅಲ್ಲಿಗೆ ಬನ್ನಿ. ಸಂಜೆ ದೀಪ ಹಚ್ಚುವವರೆಗೂ ನಾನು ಅಲ್ಲೇ ಕೂತಿರುತ್ತೇನೆ. ಪ್ರದರ್ಶನ ಉದ್ಘಾಟನೆಯಾಗಿದೆ, ದಯಮಾಡಿ ಒಳಗೆ ನಡೆಯಿರಿ.