ಬೀಗದ ಕೈ ಕೊಡುವ ಮುನ್ನ

ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡಬೇಕಾದರೆ ನಾವು ಬಂದವರನ್ನು ನಾಲ್ಕು ಮಾತು ವಿಚಾರಿಸದೆ ಬಿಡುವುದಿಲ್ಲ. ಯಾವ ಊರು, ಏನು ಉದ್ಯೋಗ, ಇದುವರೆಗೆ ಎಲ್ಲಿದ್ದಿರಿ, ಇಲ್ಲಿಗೆ ಯಾರು ಹೇಳಿ ಕಳಿಸಿದರು ಎಂದು ಇಷ್ಟನ್ನಾದರೂ ಕೇಳುತ್ತೇವೆ. ಇದರಲ್ಲಿ ಅಗೌರವವೇನೂ ಇಲ್ಲ. ಕೇಳುವುದು ಮನೆಯವರ ಹಕ್ಕು, ಹೇಳುವುದು ಬಂದವರ ಕರ್ತವ್ಯ. ಆದರೆ ಅದೇ ಮನೆಯ ಕಂಪ್ಯೂಟರಿನೊಳಕ್ಕೆ ಊರು ಹೆಸರು ತಿಳಿಯದ ಒಂದು ಫೈಲನ್ನು ಸೇರಿಸಿಕೊಳ್ಳುವಾಗ ಮಾತ್ರ ಏನನ್ನೂ ಕೇಳದೆ ಒಪ್ಪಿಗೆಯ ಗುಂಡಿಯನ್ನು ಒತ್ತಿಬಿಡುತ್ತೇವೆ. ಆ ಫೈಲು ಕೇಳುವುದೋ, ಎಷ್ಟೋ ವೇಳೆ ಒಂದು ಕೋಣೆಯನ್ನಲ್ಲ, ಇಡೀ ಮನೆಯ ಬೀಗದ ಕೈಯನ್ನು. ಬ್ರೌಸರಿಗೆ ಜೋಡಿಸುವ ಅಪರಿಚಿತ ಫೈಲನ್ನು ನಂಬಬಹುದೆ, ನಂಬುವುದಾದರೆ ಎಷ್ಟರಮಟ್ಟಿಗೆ ಎಂಬುದೇ ಈ ಭಾಷಣದ ವಿಷಯ.

ಬ್ರೌಸರ್ ನಿಮಗೆಲ್ಲ ಪರಿಚಿತವಾದದ್ದೇ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೊದಲಾದುವು ಬ್ರೌಸರುಗಳು. ಬ್ಯಾಂಕಿನ ಲೆಕ್ಕ, ವಿದ್ಯುತ್ತಿನ ಬಿಲ್ಲು, ರೈಲಿನ ಟಿಕೆಟ್ಟು, ಮಗಳ ಪರೀಕ್ಷೆಯ ಫಲಿತಾಂಶ, ದೂರದಲ್ಲಿರುವ ಮಗನ ಪತ್ರ, ಎಲ್ಲವೂ ಇಂದು ಈ ಒಂದು ಕಿಟಕಿಯ ಮೂಲಕವೇ ನಮ್ಮ ಕಣ್ಣಿಗೆ ಬೀಳುತ್ತವೆ. ಈ ಕಿಟಕಿಗೆ ಒಂದಿಷ್ಟು ಹೊಸ ಅನುಕೂಲವನ್ನು ಸೇರಿಸುವ ಚಿಕ್ಕ ತಂತ್ರಾಂಶಕ್ಕೆ ಆಡ್‌ಆನ್ ಎಂದೂ ಎಕ್ಸ್‌ಟೆನ್ಶನ್ ಎಂದೂ ಹೆಸರು. ಜಾಹೀರಾತನ್ನು ತಡೆಯುವುದು, ಕನ್ನಡದಲ್ಲಿ ಟೈಪು ಮಾಡಲು ನೆರವಾಗುವುದು, ಪಾಸ್‌ವರ್ಡುಗಳನ್ನು ಜೋಪಾನ ಮಾಡುವುದು, ಇಂಥ ಉಪಕಾರಿಯಾದ ಎಕ್ಸ್‌ಟೆನ್ಶನ್‌ಗಳು ಬೇಕಾದಷ್ಟಿವೆ. ಆದ್ದರಿಂದ ಎಲ್ಲವನ್ನೂ ಹೊರಗಟ್ಟಿರಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಬಂದವರನ್ನು ವಿಚಾರಿಸುವುದೇ ಬೇರೆ, ಬಾಗಿಲು ಹಾಕಿಕೊಂಡು ಕೂರುವುದೇ ಬೇರೆ.

ಮೊದಲನೆಯ ಪ್ರಶ್ನೆ: ಇದು ಬಂದದ್ದು ಎಲ್ಲಿಂದ? ಎಕ್ಸ್‌ಟೆನ್ಶನ್‌ಗಳು ಸಾಮಾನ್ಯವಾಗಿ ದೊರೆಯುವುದು ಆಯಾ ಬ್ರೌಸರಿನವರೇ ನಡೆಸುವ ಅಧಿಕೃತ ಅಂಗಡಿಯಲ್ಲಿ. ಆದರೆ ಕೆಲವೊಮ್ಮೆ ಬಿಡಿ ಫೈಲಾಗಿಯೂ ಬರುತ್ತವೆ. ಗುರುತಿಲ್ಲದ ಒಂದು ಇ-ಮೇಲಿನ ಜೊತೆಗೆ ಬಂದೀತು. ಸ್ನೇಹಿತರೊಬ್ಬರು ವಾಟ್ಸಾಪಿನಲ್ಲಿ ದಾಟಿಸಿಯಾರು. ಬಿಟ್ಟಿ ಸಿನಿಮಾ ತೋರಿಸುವ ಯಾವುದೋ ಪುಟ ‘ಇದನ್ನು ಹಾಕಿಕೊಂಡರೆ ಮಾತ್ರ ಚಿತ್ರ ಕಾಣುತ್ತದೆ’ ಎಂದು ಆಸೆ ಹುಟ್ಟಿಸೀತು. ಫೈಲಿನ ಹೆಸರಿನ ಬಾಲದಲ್ಲಿ ಸಿಆರ್‌ಎಕ್ಸ್ ಎಂದಿದ್ದರೆ ಅದು ಕ್ರೋಮ್ ಮತ್ತು ಎಡ್ಜ್ ವರ್ಗಕ್ಕೆ ಸೇರಿದ್ದು. ಎಕ್ಸ್‌ಪಿಐ ಎಂದಿದ್ದರೆ ಫೈರ್‌ಫಾಕ್ಸಿಗೆ ಸೇರಿದ್ದು.

ಇಂಥ ಬಿಡಿ ಫೈಲುಗಳ ಹಾವಳಿಯನ್ನು ಕಂಡೇ ಬ್ರೌಸರಿನವರು ಬೇಲಿ ಹಾಕಿದರು. ವಿಂಡೋಸ್ ಕಂಪ್ಯೂಟರುಗಳಲ್ಲಿ ಸಾಮಾನ್ಯ ಬಳಕೆದಾರರು ತಮ್ಮ ಅಂಗಡಿಯಲ್ಲಿರುವ ಎಕ್ಸ್‌ಟೆನ್ಶನ್‌ಗಳನ್ನು ಮಾತ್ರ ಹಾಕಿಕೊಳ್ಳಬೇಕೆಂದು ಕ್ರೋಮ್ 2014ರಲ್ಲಿ ಕಟ್ಟುಮಾಡಿತು. ತನ್ನ ಸಂಸ್ಥೆಯಾದ ಮೊಜಿಲ್ಲಾದ ಡಿಜಿಟಲ್ ಸಹಿ ಇಲ್ಲದ ಫೈಲನ್ನು ಫೈರ್‌ಫಾಕ್ಸಿನ ಸಾಮಾನ್ಯ ಆವೃತ್ತಿ 2016ರಿಂದ ಒಳಗೆ ಬಿಡುತ್ತಿಲ್ಲ. ಆದಕಾರಣ ಯಾರಾದರೂ ನಿಮಗೆ ‘ಮೊದಲು ಡೆವಲಪರ್ ಮೋಡ್ ಎಂಬುದನ್ನು ಚಾಲೂ ಮಾಡಿ, ಆಮೇಲೆ ಈ ಫೈಲನ್ನು ಒಳಗೆ ಎಳೆದು ಹಾಕಿ’ ಎಂದು ಹೇಳಿಕೊಟ್ಟರೆ ಅಲ್ಲಿಯೇ ನಿಲ್ಲಿ. ಆ ಏರ್ಪಾಡು ಇರುವುದು ಎಕ್ಸ್‌ಟೆನ್ಶನ್ ಬರೆಯುವವರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿಕೊಳ್ಳಲೆಂದು. ನಿಮಗೆ ಅದನ್ನು ಹೇಳಿಕೊಡುತ್ತಿರುವವರು ಬೇಲಿಯನ್ನು ನಿಮ್ಮ ಕೈಯಿಂದಲೇ ಕೀಳಿಸುತ್ತಿದ್ದಾರೆಂದು ತಿಳಿಯಿರಿ.

ಇನ್ನು ಡಿಜಿಟಲ್ ಸಹಿಯ ವಿಚಾರ. ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ ಇದು. ಮುದ್ರೆ ಒಡೆದಿಲ್ಲವೆಂದರೆ ದಾರಿಯಲ್ಲಿ ಯಾರೂ ಪತ್ರವನ್ನು ತಿದ್ದಿಲ್ಲ ಎಂದಷ್ಟೇ ಅರ್ಥ. ಪತ್ರದಲ್ಲಿ ಬರೆದಿರುವುದು ಸತ್ಯವೆಂದಾಗಲಿ, ಬರೆದವನು ಸಜ್ಜನನೆಂದಾಗಲಿ ಮುದ್ರೆ ಹೇಳಲಾರದು. ಸಹಿ ಇಲ್ಲದ ಫೈಲನ್ನು ನಿರಾಕರಿಸಲು ಅದೊಂದೇ ಕಾರಣ ಸಾಕು. ಆದರೆ ಸಹಿ ಇದೆ ಎಂಬ ಒಂದೇ ಕಾರಣಕ್ಕೆ ಫೈಲನ್ನು ಒಪ್ಪಿಕೊಳ್ಳುವುದು ಸರಿಯಲ್ಲ.

ಎರಡನೆಯ ಪ್ರಶ್ನೆ: ಇದು ಕೇಳುವ ಅಧಿಕಾರ ಏನೇನು? ಇದನ್ನು ತಿಳಿಯಲು ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಎಕ್ಸ್‌ಟೆನ್ಶನ್ ಫೈಲು ಎಂದರೆ ಹಲವು ಚಿಕ್ಕ ಫೈಲುಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ ಗಂಟು, ಅಷ್ಟೆ. ಅದನ್ನು ಬ್ರೌಸರಿಗೆ ಕೊಡದೆ, ಸೆವೆನ್-ಜಿಪ್‌ನಂಥ ಗಂಟು ಬಿಚ್ಚುವ ತಂತ್ರಾಂಶದಲ್ಲಿ ತೆರೆದು ನೋಡಬಹುದು. ಒಳಗಿನದನ್ನು ಓದಿದ ಮಾತ್ರಕ್ಕೆ ಅದು ಕೆಲಸ ಆರಂಭಿಸುವುದಿಲ್ಲ. ಒಳಗೆ ಮ್ಯಾನಿಫೆಸ್ಟ್ ಎಂಬ ಹೆಸರಿನ ಒಂದು ಫೈಲು ಇದ್ದೇ ಇರುತ್ತದೆ. ಎಕ್ಸ್‌ಟೆನ್ಶನ್ನಿನ ಹೆಸರು, ಆವೃತ್ತಿಯ ಸಂಖ್ಯೆ, ಅದು ಬೇಡುವ ಅನುಮತಿಗಳು, ಯಾವ ಯಾವ ತಾಣಗಳಲ್ಲಿ ಅದು ಕೈಯಾಡಿಸಲಿದೆ ಎಂಬ ಪಟ್ಟಿ, ಎಲ್ಲವೂ ಅದರಲ್ಲಿ ಅಕ್ಷರರೂಪದಲ್ಲಿಯೇ ಇರುತ್ತವೆ. ಮನೆಯ ಕಾಲೇಜು ಹುಡುಗರು ಐದು ನಿಮಿಷದಲ್ಲಿ ಇದನ್ನು ಓದಿ ಹೇಳಬಲ್ಲರು. ಅಷ್ಟು ಮಾಡಲು ಆಗದಿದ್ದರೂ ಅಧಿಕೃತ ಅಂಗಡಿಯಿಂದ ಹಾಕಿಕೊಳ್ಳುವಾಗ ಬ್ರೌಸರ್ ತಾನೇ ಒಂದು ಚಿಕ್ಕ ಎಚ್ಚರಿಕೆಯನ್ನು ತೋರಿಸುತ್ತದೆ. ನಾವು ಸಾಮಾನ್ಯವಾಗಿ ಓದದೆ ದಾಟಿಹೋಗುವ ಬರಹ ಅದೇ.

ಆ ಎಚ್ಚರಿಕೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಒಂದು ವಾಕ್ಯ: ‘ಎಲ್ಲ ತಾಣಗಳಲ್ಲಿಯೂ ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು ಮತ್ತು ಬದಲಿಸಬಹುದು’ ಎಂಬ ಅರ್ಥದ್ದು. ಇದು ಆಲಂಕಾರಿಕ ಮಾತಲ್ಲ, ಅಕ್ಷರಶಃ ನಿಜ. ಬ್ಯಾಂಕಿನ ಪುಟದಲ್ಲಿ ಕಾಣುವ ಶಿಲ್ಕು, ಇ-ಮೇಲಿನ ಒಕ್ಕಣೆ, ನೀವು ಟೈಪು ಮಾಡುವ ಪಾಸ್‌ವರ್ಡು, ಎಲ್ಲವನ್ನೂ ಇಂಥ ಎಕ್ಸ್‌ಟೆನ್ಶನ್ ನೋಡಬಲ್ಲದು. ನೋಡುವುದಷ್ಟೇ ಅಲ್ಲ, ಪುಟದಲ್ಲಿ ನಿಮಗೆ ಕಾಣುವುದನ್ನು ತಿದ್ದಲೂಬಲ್ಲದು.

ಇಲ್ಲಿ ಕೆಲವರು ಕೇಳಿಯಾರು: ‘ಪಾಸ್‌ವರ್ಡು ಹೋದರೆ ಹೋಗಲಿ, ನನ್ನ ಫೋನಿಗೆ ಒಟಿಪಿ ಬರುತ್ತದಲ್ಲ, ಅದು ಕಾಯುವುದಿಲ್ಲವೆ?’ ಒಟಿಪಿ ಕಾಯುವುದು ಹೊಸಿಲನ್ನು. ನೀವು ಒಮ್ಮೆ ಒಳಹೋದ ಮೇಲೆ ತಾಣ ನಿಮ್ಮ ಬ್ರೌಸರಿಗೆ ಒಂದು ಗುರುತಿನ ಚೀಟಿ ಕೊಡುತ್ತದೆ. ಇದಕ್ಕೆ ಕುಕಿ ಎನ್ನುತ್ತಾರೆ. ಪುಟದಿಂದ ಪುಟಕ್ಕೆ ಹೋಗುವಾಗ ಪ್ರತಿಸಲವೂ ಪಾಸ್‌ವರ್ಡು ಕೇಳದಿರಲು ಕಾರಣ ಈ ಚೀಟಿಯೇ. ಕುಕಿಗಳನ್ನು ಓದುವ ಅನುಮತಿಯನ್ನೂ ಪಡೆದ ಎಕ್ಸ್‌ಟೆನ್ಶನ್ ಈ ಚೀಟಿಯ ನಕಲನ್ನು ಹೊರಗೆ ಸಾಗಿಸಬಲ್ಲದು. ನಕಲು ಕೈಗೆ ಬಂದವನನ್ನು ಅನೇಕ ತಾಣಗಳು ಪಾಸ್‌ವರ್ಡನ್ನೂ ಕೇಳುವುದಿಲ್ಲ, ಒಟಿಪಿಯನ್ನೂ ಕೇಳುವುದಿಲ್ಲ.

ಹಾಗೆಂದು ದೊಡ್ಡ ಅಧಿಕಾರ ಕೇಳಿದ್ದೆಲ್ಲವೂ ಕಳ್ಳ ಸರಕು ಎನ್ನುವಂತಿಲ್ಲ. ಜಾಹೀರಾತನ್ನು ತಡೆಯುವ ಎಕ್ಸ್‌ಟೆನ್ಶನ್ ಪುಟವನ್ನು ನೋಡದೆ ತಡೆಯುವುದಾದರೂ ಹೇಗೆ? ಆದ್ದರಿಂದ ನೋಡಬೇಕಾದದ್ದು ಕೆಲಸಕ್ಕೂ ಕೇಳುವ ಅಧಿಕಾರಕ್ಕೂ ಇರುವ ಹೊಂದಿಕೆಯನ್ನು. ಪರದೆಯ ಬಣ್ಣವನ್ನು ಬದಲಿಸುವುದಷ್ಟೇ ನನ್ನ ಕೆಲಸ ಎನ್ನುವ ಎಕ್ಸ್‌ಟೆನ್ಶನ್ನಿಗೆ ನಿಮ್ಮ ಕುಕಿಗಳೇಕೆ? ಹವಾಮಾನ ಹೇಳುವುದಕ್ಕೆ ನೀವು ಹಿಂದೆ ನೋಡಿದ ಪುಟಗಳ ಪಟ್ಟಿ ಏಕೆ? ಹೂ ಮಾರಲು ಬಂದವರು ಬೀರುವಿನ ಬೀಗದ ಕೈ ಕೇಳಿದಂತೆ ಇದು.

ಮೂರನೆಯ ಪ್ರಶ್ನೆ: ಇದರ ಹಿಂದೆ ಇರುವವರು ಯಾರು? ಅಂಗಡಿಯ ಪುಟದಲ್ಲಿ ತಯಾರಕರ ಹೆಸರು, ಅವರ ತಾಣ, ಕೊನೆಯ ಬಾರಿ ತಿದ್ದುಪಡಿಯಾದ ದಿನಾಂಕ ಇರುತ್ತವೆ. ಹೆಸರು ಮತ್ತು ಚಿತ್ರವನ್ನು ಯಾರು ಬೇಕಾದರೂ ಅನುಕರಿಸಬಹುದು. ಆದರೆ ಕ್ರೋಮ್ ಎಕ್ಸ್‌ಟೆನ್ಶನ್ ಪ್ರತಿಯೊಂದಕ್ಕೂ 32 ಅಕ್ಷರಗಳ ಒಂದು ಗುರುತು ಇರುತ್ತದೆ. ಅಂಗಡಿಯ ವಿಳಾಸದ ಸಾಲಿನಲ್ಲಿಯೇ ಅದು ಕಾಣುತ್ತದೆ. ತಯಾರಕರ ಸ್ವಂತ ತಾಣದಿಂದ ಅಂಗಡಿಗೆ ಹೋಗುವ ಕೊಂಡಿಯಲ್ಲಿಯೂ ಅದೇ ಗುರುತು ಇದೆಯೇ ಎಂದು ತಾಳೆ ನೋಡಿದರೆ ಅಸಲು ಯಾವುದು, ನಕಲು ಯಾವುದು ಎಂಬುದು ತಿಳಿಯುತ್ತದೆ.

ವೈರಸ್ ಪರೀಕ್ಷೆ ಮಾಡಿಸಿದರೆ ಆಗದೆ? ಮಾಡಿಸಬಹುದು. 2004ರಲ್ಲಿ ಸ್ಪೇನ್ ದೇಶದಲ್ಲಿ ಆರಂಭವಾಗಿ 2012ರಲ್ಲಿ ಗೂಗಲ್ಲಿನ ಕೈ ಸೇರಿದ ವೈರಸ್‌ಟೋಟಲ್ ಎಂಬ ತಾಣವಿದೆ. ಅಲ್ಲಿ ಫೈಲನ್ನು ಕೊಟ್ಟರೆ ಹತ್ತಾರು ವೈರಸ್ ನಿವಾರಕಗಳು ಒಮ್ಮೆಗೇ ಅದನ್ನು ಪರಿಶೀಲಿಸಿ ತಮ್ಮ ಅಭಿಪ್ರಾಯ ತಿಳಿಸುತ್ತವೆ. ಹಲವು ನಿವಾರಕಗಳು ಕೆಟ್ಟದ್ದೆಂದರೆ ಅಳಿಸಿಬಿಡಿ. ಯಾವುದೂ ಆಕ್ಷೇಪಿಸಲಿಲ್ಲವೆಂದರೆ, ಈವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲವೆಂದು ಮಾತ್ರ ತಿಳಿಯಬೇಕು. ಕಳ್ಳತನ ಇನ್ನೂ ನಡೆದಿಲ್ಲದ ದಿನ ಪೋಲೀಸ್ ಠಾಣೆಯಲ್ಲಿ ದೂರು ಇರುವುದಿಲ್ಲ. ಇನ್ನೊಂದು ಮಾತು: ಅಲ್ಲಿ ಕೊಟ್ಟ ಫೈಲು ಬೇರೆ ತಜ್ಞರಿಗೂ ದೊರೆಯುತ್ತದೆ. ಆದ್ದರಿಂದ ಮನೆಯ ಕಾಗದಪತ್ರಗಳನ್ನು ಅಲ್ಲಿಗೆ ಕಳಿಸಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಇಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಎಕ್ಸ್‌ಟೆನ್ಶನ್ ನಾಳೆ ಬೇರೆಯೇ ಆಗಬಹುದು. ಅಂಗಡಿಯಿಂದ ಬಂದ ಎಕ್ಸ್‌ಟೆನ್ಶನ್‌ಗಳು ತಮ್ಮಷ್ಟಕ್ಕೆ ತಾವೇ ಹೊಸ ಆವೃತ್ತಿಗೆ ಬದಲಾಗುತ್ತಿರುತ್ತವೆ. ಹೊಸ ಆವೃತ್ತಿ ಹೆಚ್ಚಿನ ಅಧಿಕಾರ ಕೇಳಿದರೆ ಕ್ರೋಮ್ ಅದನ್ನು ತಡೆದು ನಿಮ್ಮ ಒಪ್ಪಿಗೆ ಬೇಡುತ್ತದೆ. ಆದರೆ ಮೊದಲ ದಿನವೇ ಎಲ್ಲ ತಾಣಗಳ ಅಧಿಕಾರವನ್ನೂ ಕೊಟ್ಟುಬಿಟ್ಟಿದ್ದರೆ ಹೊಸದಾಗಿ ಕೇಳಲು ಏನು ಉಳಿದಿದೆ? ಬದಲಾವಣೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಇದು ಬರಿಯ ಊಹೆಯಲ್ಲ. ಕಂಪ್ಯೂಟರಿನ ನೆನಪಿನ ಹೊರೆಯನ್ನು ಇಳಿಸಲೆಂದು ಸುಮಾರು 20 ಲಕ್ಷ ಜನ ಬಳಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಶನ್ ಒಂದಿತ್ತು. ಬಹುಕಾಲ ಒಳ್ಳೆಯ ಹೆಸರು ಪಡೆದಿದ್ದ ಅದನ್ನು ಮೂಲ ತಯಾರಕರು 2020ರಲ್ಲಿ ಗುರುತು ತಿಳಿಯದವರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಹಾನಿಕರವಾದ ಅಂಶವಿದೆಯೆಂದು ಗೂಗಲ್ ಅದನ್ನು ಅಂಗಡಿಯಿಂದ ತೆಗೆದುಹಾಕಿತು. ಹೆಸರು ಅದೇ, ಚಿತ್ರವೂ ಅದೇ. ಯಜಮಾನ ಮಾತ್ರ ಬದಲಾಗಿದ್ದ.

ಇನ್ನೊಂದು ನಿದರ್ಶನ ಅಮೆರಿಕದ ಸೈಬರ್‌ಹೇವನ್ ಎಂಬ ಸಂಸ್ಥೆಯದು. ಇತರರ ಮಾಹಿತಿಯನ್ನು ಕಾಯುವುದೇ ಇದರ ಕಸಬು. 2024ರ ಡಿಸೆಂಬರ್ 24ರಂದು, ಕ್ರೋಮ್ ಅಂಗಡಿಯವರೇ ಬರೆದಂತೆ ತೋರುವ ಮೋಸದ ಇ-ಮೇಲೊಂದು ಅದರ ಉದ್ಯೋಗಿಯೊಬ್ಬರಿಗೆ ಬಂತು. ಅದನ್ನು ನಂಬಿ ಅವರು ಕೊಟ್ಟ ಒಂದು ಅನುಮತಿಯ ಬಲದಿಂದ ವಂಚಕರು ಕ್ರಿಸ್‌ಮಸ್ ದಿನ ಆ ಸಂಸ್ಥೆಯ ಎಕ್ಸ್‌ಟೆನ್ಶನ್ನಿನ ಕೆಟ್ಟ ಆವೃತ್ತಿಯನ್ನು ಅಂಗಡಿಗೆ ಏರಿಸಿದರು. ಅದನ್ನು ಬಳಸುತ್ತಿದ್ದವರು ಸುಮಾರು 4 ಲಕ್ಷ ಮಂದಿ. ಒಂದು ದಿನದಷ್ಟು ಕಾಲ, ನಾವು ಈಗತಾನೆ ಹೇಳಿದ ಗುರುತಿನ ಚೀಟಿಗಳನ್ನು ಅದು ಕದಿಯಬಲ್ಲದಾಗಿತ್ತು. ಕಾವಲುಗಾರನ ಮನೆಗೇ ಕನ್ನ ಬಿದ್ದಿತ್ತು. ಅಂಗಡಿಯ ಮುದ್ರೆಯೂ ಇತ್ತು, ಒಳ್ಳೆಯ ಹೆಸರೂ ಇತ್ತು, ಎರಡೂ ಅಂದು ಕಾಪಾಡಲಿಲ್ಲ.

ಹಾಗಾದರೆ ಈ ವಿಚಾರಣೆಯಿಂದ ಪ್ರಯೋಜನವೇನು ಎಂದು ಕೈಚೆಲ್ಲಬೇಕಾಗಿಲ್ಲ. ಪೂರ್ತಿ ನಿರ್ಭಯ ಎಂಬುದು ಇಲ್ಲವಾದರೆ, ಆಗಬಹುದಾದ ನಷ್ಟವನ್ನು ಕಿರಿದು ಮಾಡಿಕೊಳ್ಳುವುದು ಜಾಣತನ. ಅದಕ್ಕೆ ದಾರಿಗಳಿವೆ. ಬ್ರೌಸರಿನಲ್ಲಿ ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನು ತೆರೆದು, ಬಳಸದೆ ಇರುವುದನ್ನು ಇಂದೇ ತೆಗೆದುಹಾಕಿ. ಉಳಿದವುಗಳಿಗೆ ಕ್ರೋಮ್‌ನಲ್ಲಿ ‘ಎಲ್ಲ ತಾಣಗಳಲ್ಲಿ’ ಎಂಬುದಕ್ಕೆ ಬದಲಾಗಿ ‘ಕ್ಲಿಕ್ ಮಾಡಿದಾಗ ಮಾತ್ರ’ ಅಥವಾ ‘ಇಂತಿಂಥ ತಾಣಗಳಲ್ಲಿ ಮಾತ್ರ’ ಎಂದು ಮಿತಿ ಹಾಕಬಹುದು. ಬ್ಯಾಂಕಿನ ವ್ಯವಹಾರಕ್ಕೆಂದು ಬ್ರೌಸರಿನಲ್ಲಿ ಬೇರೊಂದು ಪ್ರೊಫೈಲ್ ಮಾಡಿ, ಅದರಲ್ಲಿ ಒಂದು ಎಕ್ಸ್‌ಟೆನ್ಶನ್ನನ್ನೂ ಹಾಕದಿರಿ. ಒಂದು ಪ್ರೊಫೈಲಿನಲ್ಲಿ ಹಾಕಿದ್ದು ಇನ್ನೊಂದಕ್ಕೆ ತಾನಾಗಿ ಬರುವುದಿಲ್ಲ. ದೇವರ ಮನೆಯನ್ನು ಬೇರೆ ಇಟ್ಟಂತೆ ಇದು, ಖರ್ಚಿಲ್ಲದ ಮಡಿ.

ಅನುಮಾನಾಸ್ಪದವಾದ ಫೈಲನ್ನು ಮನೆಯಲ್ಲಿ ಯಾರೋ ಈಗಾಗಲೇ ಹಾಕಿಬಿಟ್ಟಿದ್ದರೆ ಏನು ಮಾಡಬೇಕು? ಮೊದಲು ಎಕ್ಸ್‌ಟೆನ್ಶನ್ನನ್ನು ತೆಗೆದುಹಾಕಿ. ಅಷ್ಟಕ್ಕೇ ನಿಲ್ಲಬೇಡಿ, ಕದ್ದ ಚೀಟಿ ಅದರೊಡನೆ ಹೋಗುವುದಿಲ್ಲ. ಮುಖ್ಯವಾದ ತಾಣಗಳಲ್ಲಿ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಎಂಬ ಏರ್ಪಾಡಿದ್ದರೆ ಅದನ್ನು ಬಳಸಿ. ಆಮೇಲೆ ಬೇರೊಂದು ನಂಬಿಕೆಯ ಸಾಧನದಿಂದ ಪಾಸ್‌ವರ್ಡುಗಳನ್ನು ಬದಲಿಸಿ. ಇ-ಮೇಲಿನದು ಮೊದಲು, ಬ್ಯಾಂಕಿನದು ಅದರ ಬೆನ್ನಿಗೆ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತತ್‌ಕ್ಷಣ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಂಖ್ಯೆಗೆ ಫೋನು ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ಹಾಕಿದವರು ಮನೆಯ ಹುಡುಗರಾಗಿದ್ದರೆ ಗದರಿಸುವುದನ್ನು ನಾಳೆಗೆ ಇಟ್ಟುಕೊಳ್ಳಿ. ಗದರಿಕೆಗೆ ಹೆದರಿ ಮುಚ್ಚಿಟ್ಟ ಸುದ್ದಿಯೇ ಹೆಚ್ಚು ನಷ್ಟ ತರುವುದು.

ಒಟ್ಟಿನಲ್ಲಿ ‘ಈ ಫೈಲು ಒಳ್ಳೆಯದೋ ಕೆಟ್ಟದ್ದೋ’ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಬಹುಮಟ್ಟಿಗೆ ಸಿಗುವುದಿಲ್ಲ. ‘ಇದು ಮುಂದೆಂದಾದರೂ ಕೆಟ್ಟರೆ ನನ್ನ ಮನೆಯಲ್ಲಿ ಎಷ್ಟು ದೂರ ಹೋಗಬಲ್ಲದು’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ನಮ್ಮ ಕೈಯಲ್ಲಿಯೇ ಇದೆ. ಆ ಉತ್ತರ ನಿಮಗೆ ಸಮ್ಮತವಾದರೆ ಫೈಲನ್ನು ಒಳಗೆ ಬಿಡಿ. ಸಮ್ಮತವಾಗದಿದ್ದರೆ ಅಳಿಸಿಬಿಡಿ. ಅದು ಕೊಡುತ್ತಿದ್ದ ಅನುಕೂಲವಿಲ್ಲದೆ ನಿನ್ನೆಯವರೆಗೆ ದಿನ ಕಳೆದಿದ್ದೇವೆ, ನಾಳೆಯೂ ಕಳೆಯಬಹುದು.