ಓಡಿಹೋದವರು ವಾಪಸ್ ಬಂದಾಗ: ‘ಕಾದಲುಕ್ಕು ಮರಿಯಾದೈ’

ಇವತ್ತು ಮಾತಾಡೋಣ 1997ರ ತಮಿಳು ಸಿನಿಮಾ ‘ಕಾದಲುಕ್ಕು ಮರಿಯಾದೈ’ ಬಗ್ಗೆ. ಅಂದ್ರೆ, ‘ಪ್ರೀತಿಗೆ ಮರ್ಯಾದೆ’. ನಿರ್ದೇಶಕ ಫಾಝಿಲ್ ತಮ್ಮದೇ ಮಲಯಾಳಂ ಸಿನಿಮಾ ‘ಅನಿಯತ್ತಿಪ್ರಾವು’ವನ್ನು ಅದೇ ವರ್ಷ ತಮಿಳಿಗೆ ತಂದಿದ್ದರು. ವಿಜಯ್–ಶಾಲಿನಿ ಜೋಡಿ, ಇಳಯರಾಜ ಸಂಗೀತ.

ಜೀವಾ ಹಿಂದೂ, ಮಿನಿ ಕ್ರಿಶ್ಚಿಯನ್. ಮಿನಿಯ ಅಣ್ಣಂದಿರಿಗೆ ತಂಗಿ ಅಂದ್ರೆ ಪ್ರಾಣ. ವಿರೋಧ ಹುಟ್ಟೋದೂ ಆ ಪ್ರೀತಿಯಿಂದಲೇ. ದ್ವೇಷಿಸೋಕೆ ವಿಲನ್ ಅಂತ ಯಾರೂ ಇಲ್ಲ, ಕಷ್ಟ ಇರೋದೇ ಅಲ್ಲಿ. ಇಬ್ಬರೂ ಓಡಿಹೋಗ್ತಾರೆ. ಆದ್ರೆ ಮನೆಯವರನ್ನು ಅಳಿಸಿ ಮದುವೆಯಾಗೋದು ಬೇಡ ಅಂತ ಬೇರೆಯಾಗಿ, ಅವರವರ ಮನೆಗೆ ವಾಪಸ್ ಬರ್ತಾರೆ. ಕೊನೆಗೆ ಗಂಟು ಬಿಡಿಸೋದು ಗಂಡಸರಲ್ಲ, ಇಬ್ಬರು ಅಮ್ಮಂದಿರು. ಶ್ರೀವಿದ್ಯಾ ಮತ್ತು ಕೆಪಿಎಸಿ ಲಲಿತಾ ಆ ಪಾತ್ರಗಳನ್ನು ಮಾಡಿದ್ದಾರೆ. ಆ ದೃಶ್ಯ ನೋಡಿದಾಗ ಈಗಲೂ ನನ್ನ ಗಂಟಲು ಕಟ್ಟುತ್ತೆ.

ಆದ್ರೂ ಒಂದು ಪ್ರಶ್ನೆ ಉಳಿಯುತ್ತೆ. ಇವರ ಪ್ರೀತಿಗೆ ಮರ್ಯಾದೆ ಸಿಕ್ಕಿದ್ದು ಯಾವಾಗ? ಅದನ್ನು ಬಿಟ್ಟುಕೊಟ್ಟ ಮೇಲೆ! ಅಮ್ಮಂದಿರ ಮನಸ್ಸು ಕರಗದೇ ಇದ್ದಿದ್ರೆ, ಜೀವನಪೂರ್ತಿ ನೋವು ಆ ಇಬ್ಬರದ್ದೇ ಆಗ್ತಿತ್ತು.

1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ 21 ತುಂಬಿದ ಹುಡುಗ, 18 ತುಂಬಿದ ಹುಡುಗಿ ಧರ್ಮ ಬದಲಿಸದೆ ಮದುವೆಯಾಗಬಹುದು. 30 ದಿನ ಮುಂಚೆ ನೋಟಿಸ್ ಕೊಡಬೇಕು, ಅಪ್ಪ-ಅಮ್ಮನ ಸಹಿ ಬೇಕಿಲ್ಲ. ಅಂಥ ಹಕ್ಕನ್ನು ಈ ಸಿನಿಮಾ ಹಿರಿಯರು ಕೊಡೋ ವರ ಮಾಡಿಬಿಡುತ್ತೆ.

ಒಪ್ಪಿಗೆ ಸಿಕ್ಕರೆ ಅದಕ್ಕಿಂತ ಖುಷಿ ಇನ್ನೇನಿದೆ? ಆದ್ರೆ ಮಕ್ಕಳು ಸೋತು ಬರೋವರೆಗೂ ಕಾಯೋದು ಯಾಕೆ? ಈ ಸಿನಿಮಾನ ಅಪ್ಪ-ಅಮ್ಮನ ಜೊತೆ ಕೂತು ನೋಡಿ. ಆಮೇಲೆ ಇದೇ ಪ್ರಶ್ನೆ ಅವರನ್ನೂ ಕೇಳಿ.